ಹೆಬ್ಬಾಳಕ್ಕಿಂತ ಮೊದಲು ಬೀದರಿನ ನಂದಿನಗರ ನೋಡಿ

ಮಕ್ಕಳನ್ನು ಪಶುವೈದ್ಯಕೀಯ ಓದಿಸಬೇಕೆನ್ನುವ ಪಾಲಕರು ನಮ್ಮ ಕಡೆಯೂ ಮೊದಲು ಬೆಂಗಳೂರಿನ ಹೆಬ್ಬಾಳದ ಹೆಸರನ್ನೇ ಹೇಳುತ್ತಾರೆ. ಭಾಲ್ಕಿ ತಾಲ್ಲೂಕಿನಲ್ಲಿ ದನ ಸಾಕಿಕೊಂಡಿರುವ ನಾನು ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜನ್ನೇ ಮೊದಲ ಆಯ್ಕೆಯಾಗಿ ಬರೆಯಿರಿ ಎನ್ನುತ್ತೇನೆ. ನನ್ನ ಮಗಳು ಅಲ್ಲಿಯೇ ಓದುತ್ತಿದ್ದಾಳೆ.

ಈ ಕಾಲೇಜು 1985ರದ್ದು. ಆಗ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 2004ರ ಕಾಯ್ದೆಯ ಮೂಲಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೇ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು, ಕೇಂದ್ರಸ್ಥಾನ ಬೀದರಿಗೆ ಬಂತು. 1958ರ ಹೆಬ್ಬಾಳದ ಕಾಲೇಜು, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು, ಶಿವಮೊಗ್ಗ ಮತ್ತು ಹಾಸನದ ಪಶುವೈದ್ಯಕೀಯ ಕಾಲೇಜುಗಳು, ಕಲಬುರಗಿ ಜಿಲ್ಲೆಯ ಮಹಾಗಾಂವದ ಹೈನು ವಿಜ್ಞಾನ ಕಾಲೇಜು ಎಲ್ಲವೂ ಇದರವೇ. ರಾಜಧಾನಿಯ ಕಾಲೇಜೊಂದು ಗಡಿಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿರುವುದು ನನಗೆ ನಿಜವಾಗಿಯೂ ಹೆಮ್ಮೆಯ ಸಂಗತಿ.

ಆದರೆ ಮಗಳನ್ನು ಸೇರಿಸಿದ್ದು ಹೆಮ್ಮೆಗಲ್ಲ, ಅಲ್ಲಿಯ ಆಸ್ಪತ್ರೆಯನ್ನು ನೋಡಿ. ಹಳ್ಳಿಗಳಿಂದ ಆಕಳು, ಎಮ್ಮೆ, ಆಡುಗಳನ್ನು ವಾಹನಗಳಲ್ಲಿ ಏರಿಸಿಕೊಂಡು ರೈತರು ಬರುತ್ತಾರೆ. ಹೊಟ್ಟೆ ಉಬ್ಬಿದ್ದು, ಕೆಚ್ಚಲು ಬಾತದ್ದು, ಕರು ಅಡ್ಡ ಸಿಕ್ಕಿಕೊಂಡದ್ದು ಎಲ್ಲವೂ ವಿದ್ಯಾರ್ಥಿಗಳ ಕಣ್ಣೆದುರಿಗೇ ಬರುತ್ತವೆ. ಭುಜದವರೆಗೆ ಕೈಗವಸು ತೊಟ್ಟು ಗರ್ಭ ಪರೀಕ್ಷೆ ಮಾಡುವುದನ್ನು ಪುಸ್ತಕ ಕಲಿಸಲಾರದು. ನಮ್ಮ ದೇವಣಿ ತಳಿಯ ನಾಡೂ ಇದೇ. ಹಾಲಿಗೂ ಉಳುಮೆಗೂ ಒದಗುವ ಈ ದನಗಳಲ್ಲಿ ಮುಖ ಮಾತ್ರ ಕಪ್ಪಗಿರುವ ವಾನೆರಾ, ಮೈತುಂಬ ಕಪ್ಪು ಮಚ್ಚೆಗಳ ಶೇವೆರಾ ಯಾವುದೆಂದು ಮಗಳು ಈಗ ನನಗಿಂತ ಚೆನ್ನಾಗಿ ವಿವರಿಸುತ್ತಾಳೆ.

ನಾಯಿ, ಬೆಕ್ಕುಗಳ ಚಿಕಿತ್ಸೆಯಲ್ಲೇ ಮುಂದುವರಿಯಬೇಕೆನ್ನುವವರಿಗೆ ದೊಡ್ಡ ನಗರವೇ ಅನುಕೂಲ. ನಗರದ ಗದ್ದಲ ಬೇಕೆನ್ನುವ ಮಕ್ಕಳಿಗೆ ಊರ ಹೊರಗಿನ ಈ ಆವರಣ ಒಗ್ಗುವುದು ಕಷ್ಟ. ಇಂಟರ್ನ್‌ಶಿಪ್ ಸೇರಿ ಓದು ಐದೂವರೆ ವರ್ಷದ್ದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಪ್ರವೇಶದಲ್ಲಿ ಶೇ 15ರಷ್ಟು ಸೀಟುಗಳು ನೀಟ್ ಮೂಲಕ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಪಹಣಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕಾಲೇಜು ನೋಡಲು ಹೋಗುವುದಾದರೆ ಕಟ್ಟಡ ನೋಡಿ ಹಿಂದಿರುಗಬೇಡಿ, ಬೆಳಿಗ್ಗೆ ಆಸ್ಪತ್ರೆಯಲ್ಲಿ ದನಗಳು ಬರುವ ಹೊತ್ತಿಗೆ ಮಗುವನ್ನೂ ಕರೆದುಕೊಂಡು ಹೋಗಿ.