ಶನಿವಾರ ರಾತ್ರಿಗೆ ಯಾವುದು: 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’ ಅಥವಾ 1948ರ ಅಬಾಟ್–ಕಾಸ್ಟೆಲೊ ಹಾಸ್ಯ ಜೋಡಿಯ ಚಿತ್ರ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಆಗಾಗ ನಾಲ್ಕೈದು ಕನ್ನಡ ಮನೆಯವರು ಸೇರಿ ಸಿನಿಮಾ ನೋಡುತ್ತೇವೆ. ಹುಚ್ಚು ವಿಜ್ಞಾನಿಗಳ ಭಯಾನಕ ಚಿತ್ರಗಳನ್ನು ತಮಾಷೆ ಮಾಡುವ ಸಿನಿಮಾ ಬೇಕಾದರೆ ಈ ಎರಡೂ ಚೆನ್ನಾಗಿವೆ. ಎರಡೂ ಕಪ್ಪು–ಬಿಳುಪು.

ನನ್ನ ಮನಸ್ಸು ಮೆಲ್ ಬ್ರೂಕ್ಸ್ ನಿರ್ದೇಶಿಸಿದ ‘ಯಂಗ್ ಫ್ರಾಂಕೆನ್‌ಸ್ಟೈನ್’ ಕಡೆಗೇ. ಹೆಣದ ತುಂಡುಗಳಿಂದ ದೈತ್ಯನನ್ನು ಸೃಷ್ಟಿಸುವ ವಿಜ್ಞಾನಿಯ ಕಥೆಯಾದ 1931ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಕಿಡಿ ಹಾರಿಸಿದ್ದ ಪ್ರಯೋಗಾಲಯದ ಸಲಕರಣೆಗಳನ್ನೇ ಇಲ್ಲಿ ಮತ್ತೆ ಬಳಸಿದ್ದಾರೆ. ಅಷ್ಟು ಪ್ರೀತಿಯಿಂದ ಮಾಡಿದ ಅಣಕ ಇದು. ಕುರುಡ ಸಾಧುವಿನ ದೃಶ್ಯ ನೋಡಿ. ಪಾಪ, ಹಸಿದು ಬಂದ ದೈತ್ಯನಿಗೆ ಸೂಪ್ ಬಡಿಸುತ್ತಾನೆ. ಸೌಟು ಬಟ್ಟಲಿಗೆ ಹೋಗದೆ ನೇರ ತೊಡೆಯ ಮೇಲೆ! ಆಮೇಲೆ ಸಿಗಾರ್ ಹಚ್ಚಲು ಹೋಗಿ ದೈತ್ಯನ ಹೆಬ್ಬೆರಳಿಗೇ ಬೆಂಕಿ ಹಚ್ಚುತ್ತಾನೆ. ಆ ಸಾಧು ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಅಂತ ಗೊತ್ತಾದಾಗ ನಮ್ಮ ಅತ್ತಿಗೆ ಆ ದೃಶ್ಯವನ್ನು ಮತ್ತೆ ಹಾಕಿಸಿದರು. ಆದರೆ ದೊಡ್ಡವರ ದ್ವಂದ್ವಾರ್ಥದ ಮಾತು ಜಾಸ್ತಿ. ಚಿಕ್ಕ ಮಕ್ಕಳಿದ್ದರೆ ಬೇಡ.

ಮಕ್ಕಳಿರುವ ಮನೆಗೆ ‘ಅಬಾಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್’ ಸರಿ. ಒಂದೂವರೆ ಗಂಟೆಗಿಂತ ಕಡಿಮೆ. ನಟ ಬೇಲಾ ಲುಗೋಸಿ ಮಾಡಿದ ರಕ್ತಪಿಪಾಸು ಡ್ರಾಕುಲಾ, ಕಾಸ್ಟೆಲೊನ ಮಿದುಳನ್ನು ದೈತ್ಯನ ತಲೆಗೆ ಹಾಕಿಸಲು ಹೊಂಚು ಹಾಕುತ್ತಾನೆ. ಶವಪೆಟ್ಟಿಗೆಯ ಮೇಲಿಟ್ಟ ಮೇಣದಬತ್ತಿ ತಾನಾಗಿ ಸರಿಯುವಾಗ ಕಾಸ್ಟೆಲೊನ ಬಾಯಿಂದ ಮಾತೇ ಹೊರಡಲ್ಲ. ಇಂಗ್ಲಿಷ್ ಬಾರದ ಅಜ್ಜಿಗೂ ನಗು ಬರುತ್ತದೆ. ಇನ್ನೊಂದರಲ್ಲಿ ಮಾತಿನ ಚಮತ್ಕಾರವೇ ಮುಖ್ಯ, ಹಾಗಾಗಿ ಸಬ್‌ಟೈಟಲ್ ಹಾಕಿಕೊಳ್ಳಿ.