ಹಳೇ ಸೈ-ಫೈಗೆ ಹೊಸ ಜೀವ: ಮೂರು ಸೀರೀಸ್, ಮೂರು ದಾರಿ, ಮೂರು ಥರದ ಸಿಟ್ಟು

ನಿಂತುಹೋದ ಸೀರೀಸ್ ಮತ್ತೆ ಬರುತ್ತದೆ ಅಂದರೆ ಅಭಿಮಾನಿಗಳಿಗೆ ಖುಷಿಯಾಗಬೇಕು, ಅಲ್ವಾ? ಸೈನ್ಸ್ ಫಿಕ್ಷನ್ ಲೋಕದಲ್ಲಿ ಹಾಗಾಗುವುದು ಕಡಿಮೆ. ಸುದ್ದಿ ಬಂದ ದಿನವೇ ಜಗಳ ಶುರುವಾಗುತ್ತದೆ. ಆ ಪಾತ್ರಕ್ಕೆ ಇವರಾ? ಬಾಹ್ಯಾಕಾಶ ಹಡಗಿನ ಆಕಾರ ಯಾಕೆ ಬದಲಾಯಿತು? ಹಳೇ ಕಥೆ ಲೆಕ್ಕಕ್ಕಿದೆಯೋ ಇಲ್ಲವೋ? ಈ ಗಲಾಟೆಯಲ್ಲಿ ಎಷ್ಟು ಹುರುಳಿದೆ ನೋಡೋಣ ಅಂತ ಮೂರು ಸೀರೀಸ್‌ಗಳ ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬ್ರಿಟನ್ನಿನ 'ಡಾಕ್ಟರ್ ಹೂ', ಅಮೆರಿಕದ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಮತ್ತು 'ದಿ ಎಕ್ಸ್-ಫೈಲ್ಸ್'.

ಹಳೇದೆಲ್ಲ ಮುಗಿಸಿ ಹೊಸದಕ್ಕೆ ಹೋಗಲಿಲ್ಲ. ಡಾಕ್ಟರ್ ಹೂ ವಿಷಯದಲ್ಲಿ ಅದು ಆಗುವ ಮಾತೂ ಅಲ್ಲ. 1960ರ ದಶಕದ 90ಕ್ಕೂ ಹೆಚ್ಚು ಎಪಿಸೋಡ್‌ಗಳ ಟೇಪ್‌ಗಳನ್ನು ಬಿಬಿಸಿಯೇ ಅಳಿಸಿಹಾಕಿದೆ, ಅವು ನೋಡಲು ಸಿಗುವುದೇ ಇಲ್ಲ. ಹಾಗಾಗಿ ಒಂದು ಹಳೇ ಎಪಿಸೋಡ್, ಅದಕ್ಕೆ ಹೊಂದುವ ಒಂದು ಹೊಸದು, ಹೀಗೆ ಜೋಡಿ ಮಾಡಿಕೊಂಡು ನೋಡಿದೆ. ಮುಂದೆ ಕಥೆಯ ಗುಟ್ಟುಗಳು ಹೊರಬೀಳುತ್ತವೆ, ಬೇಡ ಅನ್ನುವವರು ಇಲ್ಲೇ ನಿಲ್ಲಬಹುದು.

ಮೂರೂ ಹಿಡಿದ ದಾರಿ ಬೇರೆ ಬೇರೆ. ಡಾಕ್ಟರ್ ಹೂ ಹಳೇ ಕಥೆಯನ್ನೇ ಮುಂದುವರಿಸಿತು, ಆದರೆ ಹಳೇದನ್ನು ನೋಡದವರಿಗೂ ಅರ್ಥವಾಗುವ ಹಾಗೆ. ಗ್ಯಾಲಾಕ್ಟಿಕಾ ಹೆಸರುಗಳನ್ನು ಉಳಿಸಿಕೊಂಡು ಉಳಿದಿದ್ದನ್ನೆಲ್ಲ ಹೊಸದಾಗಿ ಬರೆಯಿತು. ಎಕ್ಸ್-ಫೈಲ್ಸ್ ಅದೇ ನಟರು, ಅದೇ ಸೃಷ್ಟಿಕರ್ತ, ಅದೇ ಟೈಟಲ್ ಮ್ಯೂಸಿಕ್ಕನ್ನು ವಾಪಸ್ ತಂದಿತು. ಅಭಿಮಾನಿಗಳು ಯಾವಾಗಲೂ ಕೇಳುವುದು ಮೂರನೆಯದನ್ನೇ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಜಾಸ್ತಿ ಸೋತಿದ್ದೂ ಅದೇ.

ಗ್ಯಾಲಾಕ್ಟಿಕಾದಿಂದ ಶುರು ಮಾಡುತ್ತೇನೆ, ಯಾಕೆಂದರೆ ಬೈಗುಳ ಜಾಸ್ತಿ ತಿಂದಿದ್ದು ಅದು. ಮೂಲ ಸೀರೀಸ್ ಗ್ಲೆನ್ ಲಾರ್ಸನ್ ಅವರದು. 1978ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಶುರುವಾಗಿ ಒಂದೇ ಸೀಸನ್‌ಗೆ ನಿಂತಿತು. 1980ರಲ್ಲಿ ಬಂದ ಅದರ ಮುಂದುವರಿಕೆಯನ್ನು ಅಭಿಮಾನಿಗಳೇ ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ಆದರೂ ಮೂಲದ ಮೇಲಿನ ಪ್ರೀತಿ ಹೋಗಲಿಲ್ಲ. ಪೈಲಟ್ ಅಪೋಲೋ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾಚ್ ಸ್ವಂತ ದುಡ್ಡು ಹಾಕಿ ಒಂದು ಟ್ರೇಲರ್ ಮಾಡಿ, ಇದನ್ನು ಮುಂದುವರಿಸಿ ಅಂತ ವರ್ಷಗಟ್ಟಲೆ ಓಡಾಡಿದರು. ಕೊನೆಗೆ ಅವಕಾಶ ಸಿಕ್ಕಿದ್ದು ಬರಹಗಾರ ರೊನಾಲ್ಡ್ ಮೂರ್ ಅವರಿಗೆ. ಅವರು ಮುಂದುವರಿಸಲಿಲ್ಲ, ಮೊದಲಿನಿಂದ ಬರೆದರು.

2003ರ ಮಿನಿ ಸೀರೀಸ್ ಬರುವ ಮೊದಲೇ ರಂಪ. ಸಿಗಾರ್ ಸೇದುವ, ಜೂಜಾಡುವ ಪೈಲಟ್ ಸ್ಟಾರ್‌ಬಕ್ ಈಗ ಹೆಣ್ಣು, ಕೇಟೀ ಸ್ಯಾಕಾಫ್. ಹಳೇ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ ಇದರ ವಿರುದ್ಧ ಉದ್ದದ ಲೇಖನವನ್ನೇ ಬರೆದರು. ಗಂಡಸುತನವನ್ನೇ ಕತ್ತರಿಸಿದ್ದಾರೆ ಅನ್ನುವ ಧಾಟಿ ಅದರದ್ದು. 'ಹೆಸರಿಗೆ ಮಾತ್ರ ಗ್ಯಾಲಾಕ್ಟಿಕಾ' ಅಂತ ಅಭಿಮಾನಿಗಳು ಅಡ್ಡಹೆಸರು ಇಟ್ಟರು. ಹೊಸ ಕಮಾಂಡರ್ ಅಡಾಮ ಆಗಿದ್ದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅಂತೂ ಹಳೇದನ್ನು ಪ್ರೀತಿಸುವವರು ಇದನ್ನು ನೋಡಲೇಬೇಡಿ ಎಂದುಬಿಟ್ಟರು. ಪ್ರಚಾರಕ್ಕೆ ಬಂದ ನಾಯಕ ನಟ ಆಡುವ ಮಾತಾ ಇದು?

ಈಗ ಜೋಡಿ ನೋಟಕ್ಕೆ ಬರೋಣ. 1978ರ ಮೊದಲ ಕಥೆ, 2003ರ ಮಿನಿ ಸೀರೀಸ್. ಎರಡರಲ್ಲೂ ಶುರು ಒಂದೇ. ಸೈಲಾನ್ ಯಂತ್ರಗಳು ಹನ್ನೆರಡು ಗ್ರಹಗಳ ಮನುಷ್ಯರನ್ನು ನಾಶ ಮಾಡುತ್ತವೆ, ಉಳಿದವರು ಗ್ಯಾಲಾಕ್ಟಿಕಾ ಎಂಬ ಯುದ್ಧ ಹಡಗಿನ ಕಾವಲಿನಲ್ಲಿ ಒಂದಷ್ಟು ಹಡಗುಗಳಲ್ಲಿ ತಪ್ಪಿಸಿಕೊಳ್ಳುತ್ತಾರೆ. ಹಳೇದರಲ್ಲಿ ಕಮಾಂಡರ್ ಅಡಾಮ ಆಗಿದ್ದ ಲಾರ್ನ್ ಗ್ರೀನ್ ಅವರ ಗತ್ತು ಚೆನ್ನ. ಸೈಲಾನ್‌ಗಳ ಅತ್ತಿತ್ತ ಓಡಾಡುವ ಕೆಂಪು ಕಣ್ಣು ಈಗಲೂ ಚೆನ್ನ. ಜಾನ್ ಡೈಕ್ಸ್ಟ್ರಾ ಮಾಡಿದ ಹಡಗುಗಳೂ ಚೆನ್ನ. ಆದರೆ ಕೋಟಿಗಟ್ಟಲೆ ಜನ ಸತ್ತ ಸ್ವಲ್ಪ ಹೊತ್ತಿಗೇ ನಮ್ಮವರು ಒಂದು ಕ್ಯಾಸಿನೋ ಗ್ರಹಕ್ಕೆ ಬಂದು ಮಜಾ ಮಾಡುತ್ತಾರೆ. ಅಳು ಎಲ್ಲಿ ಹೋಯಿತು? ಹೊಸದರಲ್ಲಿ ಶಿಕ್ಷಣ ಮಂತ್ರಿ ಲಾರಾ ರಾಸ್ಲಿನ್, ಮೇಲಿನವರೆಲ್ಲ ಸತ್ತ ಕಾರಣಕ್ಕೆ ಅಧ್ಯಕ್ಷೆಯಾಗುತ್ತಾರೆ. ವೇಗದ ಜಿಗಿತದ ಎಂಜಿನ್ ಇಲ್ಲದ ಹಡಗುಗಳನ್ನು ಜನರ ಸಮೇತ ಬಿಟ್ಟು ಹೊರಡುವ ತೀರ್ಮಾನ ಅವರದು. ಆ ಒಂದು ಹಡಗಿನಲ್ಲಿ ಅವರ ಜೊತೆ ಆಗತಾನೇ ಮಾತಾಡಿದ ಪುಟ್ಟ ಹುಡುಗಿ ಇರುತ್ತಾಳೆ. ಈ ದೃಶ್ಯ ಆದ ಮೇಲೆ ಸ್ಟಾರ್‌ಬಕ್ ಗಂಡೋ ಹೆಣ್ಣೋ ಅನ್ನುವುದು ನನಗೆ ಮರೆತೇಹೋಯಿತು.

ನಂತರದ ಮೊದಲ ಎಪಿಸೋಡ್ '33' ಇನ್ನೂ ಗಟ್ಟಿ. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಬಂದು ಎರಗುತ್ತವೆ, ಐದು ದಿನದಿಂದ ಯಾರೂ ಮಲಗಿಲ್ಲ. ಬದುಕಿರುವವರ ಲೆಕ್ಕ ಬೋರ್ಡಿನ ಮೇಲಿರುತ್ತದೆ. ಕೊನೆಗೆ ಒಂದು ಮಗು ಹುಟ್ಟಿತು ಅಂತ ಅದನ್ನು ಒಂದು ಹೆಚ್ಚಿಸುತ್ತಾರೆ. 2005ರಲ್ಲಿ ಈ ಎಪಿಸೋಡ್‌ಗೆ ಸೈ-ಫೈಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು.

ಟ್ರೇಲರ್ ಹಿಡಿದು ಓಡಾಡಿದ ರಿಚರ್ಡ್ ಹ್ಯಾಚ್ ಕೊನೆಗೆ ಹೊಸ ಸೀರೀಸ್‌ನಲ್ಲೇ ನಟಿಸಿದರು. ಟಾಮ್ ಜಾರೆಕ್ ಎಂಬ ಖೈದಿ, ಆಮೇಲೆ ರಾಜಕಾರಣಿ. ಅಪೋಲೋಗಿಂತ ಇದೇ ಒಳ್ಳೆಯ ಪಾತ್ರ ಅನ್ನುವುದು ನನ್ನ ಅಭಿಪ್ರಾಯ. ಬಾಗಿಲ ಹೊರಗೆ ನಿಂತು ಕೂಗುತ್ತಿದ್ದವರನ್ನು ಒಳಗೆ ಕರೆದ ರೀತಿ ಜಾಣತನದ್ದು.

ಇಷ್ಟೆಲ್ಲ ಆದ ಮೇಲೂ 2009ರ ಕೊನೆಯ ಎಪಿಸೋಡ್ ಬಂದಾಗ ಮತ್ತೆ ಸಿಟ್ಟು. ಈ ಸಲದ ಸಿಟ್ಟು ಹಳೇ ಸೀರೀಸ್‌ನ ಅಭಿಮಾನಿಗಳದ್ದಲ್ಲ, ಹೊಸದನ್ನೇ ಪ್ರೀತಿಸಿದವರದ್ದು. ಎಲ್ಲ ಗಂಟನ್ನೂ ದೇವರ ಇಚ್ಛೆ ಅಂತ ಬಿಚ್ಚಿಬಿಟ್ಟಿರಲ್ಲ ಎಂಬ ತಕರಾರು. ಅದಕ್ಕೆ ನನ್ನ ಅರ್ಧ ಒಪ್ಪಿಗೆ ಇದೆ. ಸತ್ತು ವಾಪಸ್ ಬಂದ ಸ್ಟಾರ್‌ಬಕ್ ಏನು, ಯಾರು ಅನ್ನುವುದನ್ನು ಹೇಳದೆ ಬಯಲಲ್ಲಿ ಮಾಯ ಮಾಡಿಬಿಟ್ಟರೆ, ವರ್ಷಗಟ್ಟಲೆ ಕಾದವರು ಸುಮ್ನೆ ಇರುತ್ತಾರಾ?

ಡಾಕ್ಟರ್ ಹೂ ಕಥೆ ಬೇರೆ. ಇದರ ನಾಯಕ 'ಡಾಕ್ಟರ್' ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಅನ್ಯಗ್ರಹದವನು. 1963ರ ನವೆಂಬರ್‌ನಲ್ಲಿ ಶುರುವಾಗಿ 1989ರಲ್ಲಿ ನಿಂತಿತು. 1996ರಲ್ಲಿ ಪಾಲ್ ಮೆಕ್‌ಗ್ಯಾನ್ ಜೊತೆ ಮಾಡಿದ ಟಿವಿ ಸಿನಿಮಾ ಮುಂದಕ್ಕೆ ಹೋಗಲಿಲ್ಲ. 2005ರಲ್ಲಿ ಬರಹಗಾರ ರಸೆಲ್ ಟಿ ಡೇವಿಸ್ ಅದನ್ನು ಕಾರ್ಡಿಫ್‌ನಿಂದ ಮತ್ತೆ ಎಬ್ಬಿಸಿದರು. ಪಾಪ್ ಹಾಡುಗಾರ್ತಿ ಬಿಲೀ ಪೈಪರ್‌ಗೆ ಯಾಕೆ ಪಾತ್ರ, ಡಾಕ್ಟರ್‌ಗೆ ಯಾಕೆ ಮಾಮೂಲಿ ಲೆದರ್ ಜಾಕೆಟ್ ಅಂತ ಗೊಣಗಾಟ ಇತ್ತು. ಮೊದಲ ಎಪಿಸೋಡ್ ನೋಡಿದವರು 1 ಕೋಟಿಗೂ ಹೆಚ್ಚು. ಗೊಣಗಾಟ ತಣ್ಣಗಾಗುವಷ್ಟರಲ್ಲಿ ಇನ್ನೊಂದು ಹೊಡೆತ: ಹೊಸ ಡಾಕ್ಟರ್ ಕ್ರಿಸ್ಟಫರ್ ಎಕಲ್‌ಸ್ಟನ್ ಒಂದೇ ಸೀಸನ್‌ಗೆ ಬಿಡುತ್ತಾರೆ ಅನ್ನುವ ಸುದ್ದಿ ಕೆಲವೇ ದಿನಗಳಲ್ಲಿ ಬಂತು.

ಬೇರೆ ಯಾವ ಸೀರೀಸ್ ಆಗಿದ್ದರೂ ಅಲ್ಲಿಗೇ ಕುಸಿಯುತ್ತಿತ್ತು. ಇಲ್ಲಿ ಡಾಕ್ಟರ್ ಸಾಯುವ ಹೊತ್ತಿಗೆ ಹೊಸ ದೇಹ, ಹೊಸ ಮುಖ ಪಡೆಯುತ್ತಾನೆ, ಹಾಗಾಗಿ ನಾಯಕ ನಟ ಬದಲಾಗುವುದೇ ಕಥೆಯ ಭಾಗ. 1966ರಲ್ಲಿ ವಿಲಿಯಂ ಹಾರ್ಟ್‌ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಬಂದಾಗಲೇ ಅದು ಶುರುವಾಗಿತ್ತು. ಎಕಲ್‌ಸ್ಟನ್ ನಂತರ ಬಂದ ಡೇವಿಡ್ ಟೆನೆಂಟ್ ಚಿಕ್ಕಂದಿನಿಂದ ಈ ಸೀರೀಸ್‌ನ ಹುಚ್ಚು ಅಭಿಮಾನಿ. ಬರೆಯುವವರಲ್ಲೂ ಬಹಳ ಜನ ಹಳೇ ಅಭಿಮಾನಿಗಳೇ.

ಇಲ್ಲಿ ನಾನು ಇಟ್ಟ ಜೋಡಿ: ಡಾಕ್ಟರ್‌ನ ಶತ್ರುಗಳಾದ, ಲೋಹದ ಕವಚದೊಳಗಿನ ಜೀವಿಗಳಾದ ಡಾಲೆಕ್‌ಗಳು ಮೊದಲು ಬಂದ 1963-64ರ ಏಳು ಎಪಿಸೋಡ್‌ಗಳ ಕಥೆ, ಮತ್ತು 2005ರ 'ಡಾಲೆಕ್'. ಹಳೇದು ಕಪ್ಪು-ಬಿಳುಪು, ನಿಧಾನ. ನಡುವಿನ ಎಪಿಸೋಡ್‌ಗಳಲ್ಲಿ ಗುಹೆ ದಾಟುವುದೇ ದಾಟುವುದು, ನನಗೆ ತೂಕಡಿಕೆ ಬಂತು. ಆದರೆ ರೇಮಂಡ್ ಕ್ಯೂಸಿಕ್ ರೂಪಿಸಿದ ಆ ಆಕಾರ ಇವತ್ತಿಗೂ ಹಳತಾಗಿಲ್ಲ. ಹೊಸದರಲ್ಲಿ ಇರುವುದು ಒಂದೇ ಡಾಲೆಕ್, ಒಬ್ಬ ಶ್ರೀಮಂತನ ನೆಲಮಾಳಿಗೆಯಲ್ಲಿ ಸರಪಳಿಗೆ ಬಿದ್ದಿದೆ. ಸಿಂಕ್ ಬ್ಲಾಕ್ ಆದಾಗ ಒತ್ತುವ ರಬ್ಬರ್ ಬಟ್ಟಲಿನಂಥ ಅದರ ಕೈಯನ್ನು ಒಬ್ಬ ಗೇಲಿ ಮಾಡುತ್ತಾನೆ, ಅದೇ ಕೈಯಿಂದ ಸಾಯುತ್ತಾನೆ. ಮೆಟ್ಟಿಲ ಮೇಲೆ ಓಡಿದವರು ಬಚಾವಾದೆವು ಅಂದುಕೊಳ್ಳುತ್ತಾರೆ, ಅದು ಗಾಳಿಯಲ್ಲಿ ತೇಲಿ ಮೆಟ್ಟಿಲು ಏರುತ್ತದೆ. ಡಾಲೆಕ್‌ಗೆ ಮೆಟ್ಟಿಲು ಹತ್ತಲು ಬರಲ್ಲ ಅನ್ನುವುದು ಬ್ರಿಟನ್ನಿನ ಹಳೇ ಜೋಕು. (1988ರ ಕಥೆಯಲ್ಲೇ ಒಂದು ಹತ್ತಿತ್ತು ಅಂತ ಹಳೇ ಅಭಿಮಾನಿಗಳು ತಕ್ಷಣ ತಿದ್ದುತ್ತಾರೆ, ತಿದ್ದದಿದ್ದರೆ ಅವರಿಗೆ ಊಟ ಸೇರಲ್ಲ.) ಗೇಲಿಗೆ ಗುರಿಯಾಗಿದ್ದನ್ನೇ ತೆಗೆದುಕೊಂಡು ಭಯ ಹುಟ್ಟಿಸಿದ್ದಾರೆ. ಹಳೇದು ಗೊತ್ತಿದ್ದವರಿಗೆ ಒಂದು ಖುಷಿ, ಗೊತ್ತಿಲ್ಲದವರಿಗೂ ಏನೂ ಕಳೆಯುವುದಿಲ್ಲ.

ಈ ಸೀರೀಸ್‌ನ ಅಭಿಮಾನಿಗಳ ಸಿಟ್ಟು ಮಾತ್ರ ನಿಂತೇ ಇಲ್ಲ. 2017ರಲ್ಲಿ ಜೋಡಿ ವಿಟೇಕರ್ ಮೊದಲ ಮಹಿಳಾ ಡಾಕ್ಟರ್ ಅಂತ ಘೋಷಿಸಿದಾಗ ದೊಡ್ಡ ಗದ್ದಲ. ಅವರ ಎಪಿಸೋಡ್‌ಗಳನ್ನು ನೋಡಿದಾಗ ನನಗೆ ಅನ್ನಿಸಿದ್ದು: ಅವರಲ್ಲಿ ಕೊರತೆ ಇಲ್ಲ, ಕೈಗೆ ಕೊಟ್ಟ ಕಥೆಗಳು ಸಪ್ಪೆ. 2020ರಲ್ಲಿ ಡಾಕ್ಟರ್‌ನ ಹುಟ್ಟಿನ ಕಥೆಯನ್ನೇ ತಿರುಗಿಸಿ, ಹಾರ್ಟ್‌ನೆಲ್‌ಗಿಂತ ಮುಂಚೆಯೂ ಎಷ್ಟೋ ಡಾಕ್ಟರ್‌ಗಳಿದ್ದರು ಅಂದಾಗ ಎದ್ದ ಸಿಟ್ಟಿಗೆ ಅರ್ಥವಿತ್ತು. ಯಾರು ಇವನು ಅನ್ನುವ ಕುತೂಹಲವೇ ಹೆಸರಲ್ಲಿರುವ ಸೀರೀಸ್‌ಗೆ ಅಷ್ಟೊಂದು ಉತ್ತರ ಯಾಕೆ ಬೇಕಿತ್ತು?

ಇನ್ನು ಎಕ್ಸ್-ಫೈಲ್ಸ್. ಅನ್ಯಗ್ರಹದವರನ್ನು ನಂಬುವ ಮಲ್ಡರ್, ಎಲ್ಲಕ್ಕೂ ಪುರಾವೆ ಕೇಳುವ ಸ್ಕಲ್ಲಿ, ಈ ಇಬ್ಬರು ಎಫ್‌ಬಿಐ ಏಜೆಂಟರ ಕಥೆ. 1993ರಿಂದ 2002ರವರೆಗೆ ಒಂಬತ್ತು ಸೀಸನ್, ಎರಡು ಸಿನಿಮಾ. 2016ರ ಜನವರಿಯಲ್ಲಿ ಆರು ಎಪಿಸೋಡ್‌ಗಳೊಂದಿಗೆ ವಾಪಸ್ ಬಂತು. ಮಲ್ಡರ್ ಆಗಿದ್ದ ಡೇವಿಡ್ ಡುಕೋವ್ನಿ, ಸ್ಕಲ್ಲಿ ಆಗಿದ್ದ ಜಿಲಿಯನ್ ಆಂಡರ್ಸನ್, ಸೃಷ್ಟಿಕರ್ತ ಕ್ರಿಸ್ ಕಾರ್ಟರ್, ಎಲ್ಲರೂ ಹಳಬರೇ. ಮೊದಲೇ ಸಿಟ್ಟಾಗಲು ಕಾರಣವೇ ಇಲ್ಲ. ಬೇಸರ ಬಂದಿದ್ದು ಪರದೆಯ ಹೊರಗಿನಿಂದ: ಆಂಡರ್ಸನ್‌ಗೆ ಮೊದಲು ಡುಕೋವ್ನಿಯ ಅರ್ಧ ಸಂಭಾವನೆ ಹೇಳಿದ್ದರಂತೆ, ಅದನ್ನು ಅವರೇ ಬಹಿರಂಗವಾಗಿ ಹೇಳಿದರು.

1993ರ ಮೊದಲ ಎಪಿಸೋಡ್ ಪಕ್ಕದಲ್ಲಿ 2016ರ ಮೊದಲ ಎಪಿಸೋಡ್ ಇಡಿ. ಹಳೇದರಲ್ಲಿ ಸ್ಕಲ್ಲಿ ನೆಲಮಾಳಿಗೆಯ ಆಫೀಸಿಗೆ ಬರುತ್ತಾಳೆ, ಮಲ್ಡರ್ ಸ್ಲೈಡ್ ತೋರಿಸುತ್ತಾನೆ, ಅವಳು ಒಪ್ಪುವುದಿಲ್ಲ. ಅಷ್ಟೇ. ಅಷ್ಟರಲ್ಲೇ ನಾವು ಸಿಕ್ಕಿಬೀಳುತ್ತೇವೆ. ಹೊಸದರಲ್ಲಿ ಅದೇ ಮಲ್ಡರ್ ಜಗತ್ತಿನ ಇಡೀ ಪಿತೂರಿಯನ್ನು ಒಂದೇ ಉಸಿರಿಗೆ ಒದರುತ್ತಾನೆ, ಕೇಳಿ ಕೇಳಿ ಸುಸ್ತು. ನಟರು ಅವರೇ, ನಡುವಿನ ಆ ಎಳೆದಾಟ ಇಲ್ಲ.

ವಿಚಿತ್ರ ಅಂದರೆ ಅದೇ ಆರರಲ್ಲಿ ಮೂರನೆಯದು ಅದ್ಭುತ. ಬರೆದವರು ಡ್ಯಾರಿನ್ ಮಾರ್ಗನ್. ಮನುಷ್ಯನಿಂದ ಕಚ್ಚಿಸಿಕೊಂಡ ಒಂದು ಪ್ರಾಣಿ ಮನುಷ್ಯನಾಗಿಬಿಡುತ್ತದೆ, ಹೋಗಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತದೆ, ಆ ಕೆಲಸವನ್ನು ದ್ವೇಷಿಸುತ್ತದೆ, ಬಿಡಲೂ ಆಗುವುದಿಲ್ಲ! ವಯಸ್ಸಾದ ಮಲ್ಡರ್‌ಗೆ ತನ್ನ ನಂಬಿಕೆಗಳ ಮೇಲೇ ನಂಬಿಕೆ ಹೋಗಿರುತ್ತದೆ. ಎಲ್ಲರೂ ಮೆಚ್ಚಿದ್ದು ಇದನ್ನೇ. ಅಂದರೆ ನಟರು ವಾಪಸ್ ಬಂದಿದ್ದರಲ್ಲಿ ತಪ್ಪಿಲ್ಲ, ಅವರಿಗೆ ಎಷ್ಟು ವರ್ಷ ಕಳೆದಿದೆ ಅನ್ನುವುದನ್ನು ಕಥೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2018ರ ಸೀಸನ್ ಬಂದಾಗ ಪರಿಸ್ಥಿತಿ ಕೆಟ್ಟಿತು. ಹಿಂದಿನ ಸೀಸನ್‌ನ ಕೊನೆಯ ಎಪಿಸೋಡ್ ಪೂರ್ತಿ ಸ್ಕಲ್ಲಿ ಕಂಡ ದರ್ಶನ ಅಂದರು. ಎರಡು ವರ್ಷ ಕಾದವರಿಗೆ ಸಿಕ್ಕ ಉತ್ತರ ಇದು. ಮೇಲಿಂದ ಅವಳ ಮಗನ ಹುಟ್ಟಿನ ಹಿಂದೆ ಸಿಗರೇಟ್ ಸೇದುವ ಆ ಖಳನ ಕೈವಾಡ ಇದೆ ಅಂದರು, ಅವಳಿಗೆ ಗೊತ್ತಿಲ್ಲದೆಯೇ. ಅಭಿಮಾನಿಗಳು, ಅದರಲ್ಲೂ ಹೆಣ್ಣುಮಕ್ಕಳು, ಕೆಂಡವಾದರು. ನಾನೂ ಅವರ ಕಡೆಯೇ. ಇಪ್ಪತ್ತೈದು ವರ್ಷ ಕಟ್ಟಿದ ಪಾತ್ರಕ್ಕೆ ಹೀಗೆ ಮಾಡಬಾರದಿತ್ತು. ಈ ಸೀಸನ್ ನಂತರ ತಾನು ಬರಲ್ಲ ಅಂತ ಆಂಡರ್ಸನ್ ಹೇಳಿಬಿಟ್ಟರು, ಸೀರೀಸ್ ಅಲ್ಲಿಗೇ ನಿಂತಿತು.

ಮೂರನ್ನೂ ನೋಡಿದ ಮೇಲೆ ನಾನು ಅಭಿಮಾನಿಗಳ ಸಿಟ್ಟನ್ನು ಎರಡಾಗಿ ವಿಂಗಡಿಸಲು ಶುರು ಮಾಡಿದ್ದೇನೆ. ಬರುವ ಮುಂಚಿನ ಸಿಟ್ಟು ಯಾವಾಗಲೂ ಮುಖ, ಬಟ್ಟೆ, ಹಡಗಿನ ಬಗ್ಗೆ. ಅದರಿಂದ ಸೀರೀಸ್ ಹೇಗಿರುತ್ತದೆ ಅಂತ ಏನೂ ಗೊತ್ತಾಗಲ್ಲ. ಬಂದ ಮೇಲಿನ ಸಿಟ್ಟು ಕಥೆಯ ಬಗ್ಗೆ, ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ಇದಕ್ಕೆ ಅಡ್ಡ ಬರುವ ಒಂದು ಉದಾಹರಣೆಯೂ ಇದೆ. ಹಳೇ ಸ್ಟಾರ್ ಟ್ರೆಕ್ ಸೀರೀಸ್ ಒಂದರ ಮುಂದುವರಿಕೆಯಾದ 'ಸ್ಟಾರ್ ಟ್ರೆಕ್: ಪಿಕಾರ್ಡ್' ಮೊದಲ ಎರಡು ಸೀಸನ್ ಹಳೇ ತಂಡವನ್ನು ಬಹುಮಟ್ಟಿಗೆ ದೂರ ಇಟ್ಟಿತು, ಅಭಿಮಾನಿಗಳು ಮುಖ ಸಿಂಡರಿಸಿದರು. 2023ರ ಮೂರನೆಯದರಲ್ಲಿ ಎಲ್ಲರನ್ನೂ ವಾಪಸ್ ಕರೆಸಿತು, ಕುಣಿದಾಡಿದರು. ನನಗೂ ಖುಷಿಯಾಯಿತು, ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಹೋಗಿ ಬಂದ ಥರದ ಖುಷಿ. ಹಳೇ ಸೀರೀಸ್ ಗೊತ್ತಿಲ್ಲದ ತಮ್ಮನಿಗೆ ಹಾಕಿ ತೋರಿಸಿದೆ, ಅರ್ಧಕ್ಕೇ ಎದ್ದುಹೋದ.

ಯಾವುದು ನೋಡಬೇಕು ಅಂತ ಕೇಳಿದರೆ, ಮೊದಲು 2003ರ ಗ್ಯಾಲಾಕ್ಟಿಕಾ ಮಿನಿ ಸೀರೀಸ್. ಅದನ್ನು ಬಿಟ್ಟು ನೇರವಾಗಿ ಸೀಸನ್ 1ಕ್ಕೆ ಹೋಗಬೇಡಿ, ತಲೆಬುಡ ಗೊತ್ತಾಗಲ್ಲ. ಮನೆಯಲ್ಲಿ ಮಕ್ಕಳ ಜೊತೆ ನೋಡಲು 2005ರ ಡಾಕ್ಟರ್ ಹೂ. ಮೊದಲ ಕೆಲವು ಎಪಿಸೋಡ್‌ಗಳ ಗ್ರಾಫಿಕ್ಸ್ ಅಗ್ಗವಾಗಿ ಕಾಣುತ್ತದೆ, 'ಡಾಲೆಕ್' ತನಕ ತಾಳಿ. ಹೊಸ ಎಕ್ಸ್-ಫೈಲ್ಸ್‌ನಲ್ಲಿ ಪಿತೂರಿಯ ಎಪಿಸೋಡ್‌ಗಳನ್ನು ಪೂರ್ತಿ ಬಿಡಿ. 2016ರ ಮೂರನೆಯದು, 2018ರ ನಾಲ್ಕನೆಯದು ಮತ್ತು ಏಳನೆಯದು ಸಾಕು. ಆ ಏಳನೆಯದರಲ್ಲಿ ಮಾತೇ ಇಲ್ಲ ಅನ್ನಬಹುದು. ಯಂತ್ರಗಳೇ ನಡೆಸುವ ಹೋಟೆಲಿನಲ್ಲಿ ಮಲ್ಡರ್ ಟಿಪ್ಸ್ ಕೊಡದೆ ಎದ್ದುಬರುತ್ತಾನೆ, ಆಮೇಲೆ ರಾತ್ರಿಯಿಡೀ ಡ್ರೋನ್‌ಗಳು, ರೋಬೋಟ್‌ಗಳು ಇಬ್ಬರನ್ನೂ ಅಟ್ಟಿಸಿಕೊಂಡು ಬರುತ್ತವೆ.