ಸರಸ್ವತೀಪುರಂನ ಭಾನುವಾರದ ಜೆಕೆ ಕೂಟ: ಹೋಗಬಹುದಾ?

ಸರಸ್ವತೀಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ತತ್ವಚಿಂತಕ ಜೆ. ಕೃಷ್ಣಮೂರ್ತಿಯವರ (ಜೆಕೆ) ಮಾತು ಕೇಳಿ ಚರ್ಚೆ ಮಾಡುವ ಕೂಟ ನಡೆಯುತ್ತದೆ. ಫೀಸ್ ಇಲ್ಲ, ಹೆಸರು ಬರೆಸಬೇಕಿಲ್ಲ. ನಾನು ಹೋಗೋಕೆ ಶುರು ಮಾಡಿ ಸುಮಾರು ಕಾಲ ಆಯ್ತು.

ಮೊದಲೇ ಹೇಳಿಬಿಡುತ್ತೇನೆ, ಧ್ಯಾನ ಕಲಿಸುತ್ತಾರೆ ಅಂದುಕೊಂಡು ಹೋಗಬೇಡಿ. ಮಂತ್ರ, ಉಸಿರಾಟ, ಏನೂ ಇಲ್ಲ. ಜೆಕೆ ಅಂಥ ಯಾವ ವಿಧಾನವನ್ನೂ ಕೊಟ್ಟವರಲ್ಲ. ತಮ್ಮನ್ನು ಜಗದ್ಗುರು ಅಂತ ನಂಬಿ ಕಟ್ಟಿದ್ದ ಸಂಘವನ್ನೇ 1929ರ ಆಗಸ್ಟ್ 3ರಂದು ಹಾಲೆಂಡಿನ ಓಮನ್‌ನಲ್ಲಿ ಸುಮಾರು 3000 ಸದಸ್ಯರ ಎದುರಿಗೇ ವಿಸರ್ಜಿಸಿದವರು ಅವರು. ಈ ಕೂಟದಲ್ಲೂ ಆ ಗುಣ ಇದೆ. ಫೋಟೋಗೆ ಹಾರ ಇಲ್ಲ, ಮುಂದೆ ಕೂರುವ ಗುರುಗಳಿಲ್ಲ. ಅರ್ಧ ಗಂಟೆ ಹಳೆಯ ಭಾಷಣದ ವಿಡಿಯೊ, ಸ್ವಲ್ಪ ಹೊತ್ತು ಮೌನ, ಆಮೇಲೆ ಮಾತು. ಯಾರಾದರೂ "ಜೆಕೆ ಏನ್ ಹೇಳ್ತಾರೆ ಅಂದ್ರೆ" ಅಂತ ಶುರು ಮಾಡಿದರೆ, ನಡೆಸಿಕೊಡುವ ಮೇಡಂ "ಅದಿರಲಿ, ಈ ವಾರ ನಿಮ್ಮೊಳಗೆ ನೀವೇನ್ ನೋಡಿದ್ರಿ?" ಅಂತ ಕೇಳುತ್ತಾರೆ. ನನಗೆ ಹಿಡಿಸಿದ್ದು ಈ ಪ್ರಶ್ನೆಯೇ.

ನಾವು ಎದುರಿಗಿರುವ ಮನುಷ್ಯನ ಜೊತೆ ಮಾತಾಡುವುದೇ ಕಡಿಮೆ, ಅವರ ಬಗ್ಗೆ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರದ ಜೊತೆಗೇ ಸಂಬಂಧ ಇಟ್ಟುಕೊಂಡಿರುತ್ತೇವೆ ಅಂತ ಜೆಕೆ ಮತ್ತೆ ಮತ್ತೆ ಹೇಳುತ್ತಾರೆ. ಮಂಡ್ಯದಲ್ಲಿರುವ ತಮ್ಮನಿಗೂ ನನಗೂ ಜಮೀನಿನ ವಿಷಯಕ್ಕೆ ಮನಸ್ತಾಪ ಇದೆ. ಈ ಚರ್ಚೆ ಆದ ವಾರವೇ ಅವನ ಫೋನ್ ಬಂತು. ಸ್ಕ್ರೀನ್ ಮೇಲೆ ಹೆಸರು ಕಂಡಿದ್ದೇ ತಡ, ಹಲ್ಲು ಕಚ್ಚಿಕೊಂಡಿದ್ದೆ, ಹೆಗಲು ಬಿಗಿದಿತ್ತು, ಕೊಡಬೇಕಾದ ಉತ್ತರವೂ ರೆಡಿ ಇತ್ತು. ಅವನಿನ್ನೂ "ಅಣ್ಣಾ" ಅಂದೇ ಇರಲಿಲ್ಲ! ಅದು ಕಣ್ಣಿಗೆ ಬಿತ್ತು. ಸಿಟ್ಟು ತಕ್ಷಣ ಇಳಿಯಿತು ಅಂತ ಸುಳ್ಳು ಹೇಳಲ್ಲ, ಆದರೆ ಆ ರೆಡಿ ಉತ್ತರ ಬಾಯಿಗೆ ಬರಲಿಲ್ಲ. ಅವನು ಕೇಳಿದ್ದು ಅವ್ವನ ಬಿಪಿ ಮಾತ್ರೆ ಬಗ್ಗೆ. ಪೂರ್ತಿ ಕೇಳಿಸಿಕೊಂಡೆ. ಆಫೀಸಿನಲ್ಲೂ ಈಗೀಗ ಹೀಗೆ ಆಗುತ್ತೆ, ಯಾರೋ ತಪ್ಪು ತೋರಿಸಿದಾಗ ಒಳಗೆ ಏನೋ ಚುರ್ ಅನ್ನುವುದು ಮೊದಲು ಗೊತ್ತಾಗುತ್ತೆ. ಎಲ್ಲ ಸಲವೂ ಅಲ್ಲ.

ಕೊರತೆಯೂ ಇದೆ. ವಿಡಿಯೊಗಳೆಲ್ಲ ಇಂಗ್ಲಿಷಿನವು. ಹಿರಿಯರೊಬ್ಬರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಚೆನ್ನಾಗಿ ಬಿಡಿಸಿ ಹೇಳುತ್ತಾರೆ, ಆದರೆ ಅವರು ಬಾರದ ವಾರ ಇಂಗ್ಲಿಷ್ ಅಷ್ಟಾಗಿ ಬಾರದವರು ಸುಮ್ನೆ ಕೂತಿರಬೇಕು. ಕನ್ನಡ ಅನುವಾದವನ್ನೇ ನಾಲ್ಕು ಪುಟ ಓದಬಹುದಲ್ವಾ? ಇನ್ನು ಕೆಲವರು ಪ್ರತಿ ಮಾತನ್ನೂ ಉಪನಿಷತ್ತಿಗೆ ಜೋಡಿಸಿ ಉದ್ದಕ್ಕೆ ಹೇಳುತ್ತಾ ಹೋಗುತ್ತಾರೆ, ಆಗ ಮೊದಲ ಸಲ ಬಂದವರು ಬಾಯಿ ಬಿಡುವುದೇ ಇಲ್ಲ. ಅಂಥವರನ್ನು ಮೇಡಂ ಸ್ವಲ್ಪ ಗಟ್ಟಿಯಾಗಿ ತಡೆಯಬೇಕು.

ಮನಸ್ಸು ತೀರಾ ಕುಗ್ಗಿರುವವರು ಮೊದಲು ಡಾಕ್ಟರನ್ನು ನೋಡಿ, ಅದಕ್ಕೆ ಇದು ಜಾಗ ಅಲ್ಲ. ಉಳಿದವರು ಒಂದೇ ವಾರಕ್ಕೆ ತೀರ್ಮಾನ ಮಾಡದೆ ನಾಲ್ಕಾರು ವಾರ ಬನ್ನಿ. ಕೂರುವುದು ಚಾಪೆ ಮೇಲೆ, ಮಂಡಿ ನೋವಿದ್ದರೆ ಸ್ವಲ್ಪ ಬೇಗ ಬನ್ನಿ, ಗೋಡೆ ಪಕ್ಕ ಕುರ್ಚಿಗಳಿವೆ.